ಅಣ್ಣನ ಕೈ ಯಾಕೆ ನಿಧಾನ ಆಯ್ತು: ಎಚ್‌ಐವಿ ಮತ್ತು ಮಿದುಳಿನ ಬಗ್ಗೆ ಒಂದು ಮಾತು

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಸುರತ್ಕಲ್‌ನಲ್ಲಿ ಎಂ.ಟೆಕ್ ಮುಗಿಸಿ 2015ರಲ್ಲಿ ಮುಂಬೈಗೆ ಬಂದವನು. ಐರೋಳಿಯಲ್ಲಿ ಕೆಲಸ, ಡೊಂಬಿವಲಿಯಲ್ಲಿ ಮನೆ. ನಿಮ್ಮಲ್ಲಿ ಅರ್ಧ ಜನರ ಕತೆ ಇದೇ ಇರಬೇಕು. ಇವತ್ತು ಮಾತಾಡೋ ವಿಷಯಕ್ಕೂ ನನ್ನ ಕೆಲಸಕ್ಕೂ ಸಂಬಂಧ ಇಲ್ಲ. ನನ್ನ ದೊಡ್ಡಪ್ಪನ ಮಗ, ಅಂದ್ರೆ ನನ್ನ ಅಣ್ಣ, ಅವನಿಂದಾಗಿ ನಾನು ಇದನ್ನ ಓದಬೇಕಾಗಿ ಬಂತು. ಅವನ ಒಪ್ಪಿಗೆ ಕೇಳಿಯೇ ಹೇಳ್ತಾ ಇದ್ದೀನಿ. ಹೆಸರು ಹೇಳಲ್ಲ, ಹೋಟೆಲ್ ಯಾವುದು, ಆಸ್ಪತ್ರೆ ಯಾವುದು ಅಂತಾನೂ ಹೇಳಲ್ಲ.

ಅಣ್ಣ ಕುಂದಾಪುರ ಕಡೆಯಿಂದ ಹದಿನಾಲ್ಕನೇ ವಯಸ್ಸಿಗೆ ಮುಂಬೈಗೆ ಬಂದ. ಹಗಲು ಹೋಟೆಲ್‌ನಲ್ಲಿ ಟೇಬಲ್ ಒರೆಸೋದು, ಸಂಜೆ ಫೋರ್ಟ್‌ನ ಕನ್ನಡ ರಾತ್ರಿ ಶಾಲೆ. ಎರಡು ವರ್ಷ ಹೋಗಿ ಬಿಟ್ಟ. ಆದರೆ ಲೆಕ್ಕದಲ್ಲಿ ಎಂಥಾ ಚುರುಕು ಅಂದ್ರೆ, ಮೂವತ್ತು ದಾಟೋ ಹೊತ್ತಿಗೆ ಗಲ್ಲಾದಲ್ಲಿ ಕೂತಿದ್ದ. ಮಧ್ಯಾಹ್ನದ ರಶ್‌ನಲ್ಲಿ ಒಂದು ಕಣ್ಣು ಪಾರ್ಸೆಲ್ ಮೇಲೆ, ಇನ್ನೊಂದು ಕಣ್ಣು ಬಿಲ್ ಮೇಲೆ, ಕೈ ಚಿಲ್ಲರೆ ಡಬ್ಬಿಯಲ್ಲಿ. ಗಿರಾಕಿ ಜೊತೆ ಮರಾಠಿ, ಭಟ್ಟರ ಜೊತೆ ತುಳು, ನನ್ನ ಜೊತೆ ಫೋನಲ್ಲಿ ಕುಂದಾಪ್ರ ಕನ್ನಡ, ಮೂರೂ ಒಟ್ಟಿಗೆ. ನಾವು ಈಗ ಮಲ್ಟಿಥ್ರೆಡಿಂಗ್ ಅಂತೀವಲ್ಲ, ಅವನು ಅದನ್ನ ನನಗಿಂತ ಮೊದಲೇ ಮಾಡ್ತಿದ್ದ.

2008ರಲ್ಲಿ ಅವನಿಗೆ ಟಿಬಿ ಆಯ್ತು. ಅಡ್ಮಿಟ್ ಮಾಡಿ ರಕ್ತ ಪರೀಕ್ಷೆ ಮಾಡಿದಾಗ ಎಚ್‌ಐವಿ ಅಂತ ಗೊತ್ತಾಯ್ತು. ಸಿಡಿ4 ಎಣಿಕೆ 62. ಆರೋಗ್ಯವಂತರಿಗೆ ಇದು 500ಕ್ಕಿಂತ ಮೇಲೆ ಇರತ್ತೆ. 62 ಅಂದ್ರೆ ಮನೆಯ ಬಾಗಿಲು ಕಿಟಕಿ ಎಲ್ಲ ಕಿತ್ತುಹೋದ ಹಾಗೆ. ಅದೃಷ್ಟಕ್ಕೆ ಅಷ್ಟರಲ್ಲಿ ಉಚಿತ ಔಷಧ ಬಂದಿತ್ತು. 2001ರಲ್ಲಿ ಇದೇ ಮುಂಬೈನ ಸಿಪ್ಲಾ ಕಂಪನಿ ಮೂರು ಔಷಧ ಸೇರಿದ ಚಿಕಿತ್ಸೆಯನ್ನ ವರ್ಷಕ್ಕೆ 350 ಡಾಲರ್‌ಗೆ ಕೊಡ್ತೀವಿ ಅಂದಿತ್ತು. 2004ರ ಏಪ್ರಿಲ್‌ನಲ್ಲಿ ಸರ್ಕಾರ ಉಚಿತ ಎಆರ್‌ಟಿ ಶುರುಮಾಡಿದಾಗ ಮೊದಲ ಕೇಂದ್ರಗಳಲ್ಲಿ ಜೆ.ಜೆ. ಆಸ್ಪತ್ರೆಯೂ ಒಂದು. ಅದು ನಾಲ್ಕು ವರ್ಷ ತಡ ಆಗಿದ್ರೆ ಅಣ್ಣ ಇವತ್ತು ಇರ್ತಿರಲಿಲ್ಲ. ಗುಳಿಗೆ ತಗೊಂಡ, ಗುಣ ಆದ, ಗಲ್ಲಾಕ್ಕೆ ವಾಪಸ್ ಬಂದ. ಊರಲ್ಲಿ ಅತ್ತಿಗೆ ಬಿಟ್ರೆ ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಾಗಿದ್ದು 2019ರಲ್ಲಿ.

ಆ ವರ್ಷ ಅವನ ಫೋನ್ ಬಂತು. ಎರಡು ಸಲ ಗಲ್ಲಾದ ಲೆಕ್ಕ ತಪ್ಪಿತ್ತಂತೆ. ಒಂದು ಸಲ ಐನೂರಕ್ಕೆ ಚಿಲ್ಲರೆ ಕೊಟ್ಟು ಮತ್ತೆ ಇನ್ನೊಮ್ಮೆ ಕೊಟ್ಟಿದ್ದಾನೆ. ಹಿಂದೆ ನಿಂತ ಗಿರಾಕಿಗಳು ‘ಕಾಕಾ, ಜಲ್ದಿ’ ಅಂತ ಕೂಗ್ತಾರೆ, ಇವನ ಕೈ ಓಡಲ್ಲ. ಶೇಠ್ ಕುಡಿತ ಅಂದುಕೊಂಡರು, ಕರೆದು ಬೈದು ಸ್ಟೋರ್‌ಗೆ ಹಾಕಿದರು. ‘ಎಂತ ಆಯ್ತು ಗೊತ್ತಿಲ್ಲ ಮಾರಾಯ, ತಲೆಯಲ್ಲಿ ಲೆಕ್ಕ ಉಂಟು, ಕೈಗೆ ಬರುವುದಿಲ್ಲ’ ಅಂದ. ಈ ವಾಕ್ಯ ನೆನಪಿಟ್ಟುಕೊಳ್ಳಿ. ಆಮೇಲೆ ಓದಿದ ಅಷ್ಟೂ ಪೇಪರ್‌ಗಳಲ್ಲಿ ಇದಕ್ಕಿಂತ ಚೆನ್ನಾಗಿ ಈ ಕಾಯಿಲೆಯನ್ನ ಯಾರೂ ವಿವರಿಸಿದ್ದು ನಾನು ನೋಡಿಲ್ಲ.

ನಾನು ಒಂದು ದಿನ ರಜೆ ಹಾಕಿ ಅವನ ಜೊತೆ ಎಆರ್‌ಟಿ ಕೇಂದ್ರಕ್ಕೆ ಹೋದೆ. ಡಾಕ್ಟರಮ್ಮ ಒಂದು ಸಣ್ಣ ಪರೀಕ್ಷೆ ಮಾಡಿದರು. ಕೈಯಲ್ಲಿ ಸ್ಟಾಪ್‌ವಾಚ್ ಬಿಟ್ರೆ ಬೇರೆ ಯಂತ್ರ ಏನೂ ಇಲ್ಲ. ಇದರ ಹೆಸರು ಇಂಟರ್‌ನ್ಯಾಷನಲ್ ಎಚ್‌ಐವಿ ಡಿಮೆನ್ಶಿಯಾ ಸ್ಕೇಲ್, 2005ರಲ್ಲಿ ಬಂದದ್ದು. ಮೊದಲು ನಾಲ್ಕು ಪದ ಹೇಳ್ತಾರೆ: ನಾಯಿ, ಟೋಪಿ, ಬೀನ್ಸ್, ಕೆಂಪು. ಆಮೇಲೆ ಎಡಗೈಯ, ಎಡಚರಾದ್ರೆ ಬಲಗೈಯ, ಹೆಬ್ಬೆರಳು ತೋರುಬೆರಳನ್ನ ಅಗಲವಾಗಿ ತೆರೆದು ಮುಚ್ಚಿ, 5 ಸೆಕೆಂಡಲ್ಲಿ ಎಷ್ಟು ಸಲ ಆಗತ್ತೋ ಅಷ್ಟು. 15 ಅಥವಾ ಅದಕ್ಕಿಂತ ಹೆಚ್ಚು ಆದ್ರೆ ಪೂರ್ತಿ ನಾಲ್ಕು ಅಂಕ. ಆಮೇಲೆ ಅದೇ ಕೈಯನ್ನ ಮೇಜಿನ ಮೇಲೆ ಮುಷ್ಟಿ, ಅಂಗೈ, ಅಡ್ಡ ಕೈ, ಹೀಗೆ ಸರದಿಯಲ್ಲಿ ಇಡಬೇಕು, 10 ಸೆಕೆಂಡಲ್ಲಿ ನಾಲ್ಕು ಸುತ್ತು. ಕೊನೆಗೆ ಮೊದಲು ಹೇಳಿದ ನಾಲ್ಕು ಪದ ಏನು ಅಂತ ಕೇಳ್ತಾರೆ. ಒಟ್ಟು 12 ಅಂಕ. 10 ಅಥವಾ ಅದಕ್ಕಿಂತ ಕಡಿಮೆ ಬಂದ್ರೆ ಮುಂದೆ ಪರೀಕ್ಷೆ ಮಾಡಬೇಕು ಅಂತ ಅರ್ಥ. ನೀವೂ ಈಗ ಬೆರಳು ಆಡಿಸಿ ನೋಡ್ತಾ ಇದ್ದೀರಿ ಅಂತ ಗೊತ್ತು. ಆಡಿಸಿ, ಪರವಾಗಿಲ್ಲ.

ಅಣ್ಣ 9 ಸಲ ಆಡಿಸಿದ. ಎರಡು ಅಂಕ. ಮುಷ್ಟಿ-ಅಂಗೈ ಮೂರು ಸುತ್ತು, ಮೂರು ಅಂಕ. ಪದಗಳಲ್ಲಿ ಎರಡು ನೆನಪಾಯ್ತು, ಇನ್ನೊಂದು ಸುಳಿವು ಕೊಟ್ಟ ಮೇಲೆ, ಅದಕ್ಕೆ ಅರ್ಧ. ಒಟ್ಟು ಏಳೂವರೆ. ಅವನ ಮುಖ ನೋಡೋಕೆ ಆಗಲಿಲ್ಲ ನನಗೆ.

ಸರಿ, ವೈರಸ್ ಮಿದುಳಿನಲ್ಲಿ ಏನು ಮಾಡತ್ತೆ? ನಾನು ಮೊದಲು ಅಂದುಕೊಂಡಿದ್ದು, ಎಚ್‌ಐವಿ ರಕ್ತದ ಕಾಯಿಲೆ, ಮಿದುಳಿಗೆ ಹೋಗೋದು ಕೊನೆಯ ಹಂತದಲ್ಲಿ ಅಂತ. ತಪ್ಪು. ಸೋಂಕು ತಗುಲಿದ ಕೆಲವೇ ವಾರಗಳಲ್ಲಿ ಅದು ಅಲ್ಲಿ ತಲುಪಿರತ್ತೆ. ರಕ್ತಕ್ಕೂ ಮಿದುಳಿಗೂ ನಡುವೆ ಒಂದು ಬಿಗಿ ತಡೆ ಇದೆ. ವೈರಸ್ ತಾನೇ ಅದನ್ನ ದಾಟೋ ಕಷ್ಟ ತಗೊಳ್ಳಲ್ಲ. ಮಾನೋಸೈಟ್ ಅನ್ನೋ ಬಿಳಿ ರಕ್ತಕಣಕ್ಕೆ ಆ ತಡೆ ದಾಟೋ ಪಾಸ್ ಇದೆ, ಇದು ಅದರೊಳಗೆ ಕೂತು ಹೋಗತ್ತೆ. ಒಳಗೆ ಹೋಗಿ ಅಲ್ಲಿನ ಕಾವಲು ಕಣಗಳಾದ ಮೈಕ್ರೋಗ್ಲಿಯಾಗಳಲ್ಲಿ ಮನೆ ಮಾಡತ್ತೆ. ನಮಗೆ ಯೋಚನೆ ಕೊಡೋ ನರಕೋಶಗಳನ್ನ, ಅಂದ್ರೆ ನ್ಯೂರಾನ್‌ಗಳನ್ನ, ಎಚ್‌ಐವಿ ನೇರವಾಗಿ ಹಿಡಿಯಲ್ಲ. ಇದು ನನಗೆ ಆಶ್ಚರ್ಯ ಆದ ಸಂಗತಿ. ಅವು ಸಾಯೋದು, ಸೊರಗೋದು ಅಕ್ಕಪಕ್ಕದ ಗಲಾಟೆಯಿಂದ. ಸೋಂಕಿತ ಕಾವಲು ಕಣಗಳು ಉರಿಯೂತದ ರಾಸಾಯನಿಕಗಳನ್ನ ಕಕ್ತಾನೇ ಇರ್ತವೆ. ಜೊತೆಗೆ ವೈರಸ್‌ನದೇ ಪ್ರೋಟೀನುಗಳು, ಟ್ಯಾಟ್ ಮತ್ತು ಜಿಪಿ120 ಅನ್ನೋವು, ನರಕೋಶಕ್ಕೆ ವಿಷ. ಗುಳಿಗೆ ಹೊಸ ವೈರಸ್ ಹುಟ್ಟೋದನ್ನ ನಿಲ್ಲಿಸತ್ತೆ. ಆದರೆ ಈಗಾಗಲೇ ಕಣದ ಡಿಎನ್‌ಎಗೆ ಸೇರಿಕೊಂಡಿರೋ ವೈರಸ್‌ನಿಂದ ಟ್ಯಾಟ್ ತಯಾರಾಗೋದನ್ನ ಅದು ತಡೆಯಲ್ಲ.

ಹೆಚ್ಚು ಪೆಟ್ಟು ಬೀಳೋದು ಮಿದುಳಿನ ಆಳದ ಗಂಟುಗಳಿಗೆ ಮತ್ತು ಒಂದು ಭಾಗದಿಂದ ಇನ್ನೊಂದಕ್ಕೆ ಸಂದೇಶ ಒಯ್ಯೋ ಬಿಳಿ ತಂತುಗಳಿಗೆ. ಮುಂಬೈಯವರಿಗೆ ಇದನ್ನ ಲೋಕಲ್ ಟ್ರೈನ್‌ನಲ್ಲಿ ಹೇಳೋದು ಸುಲಭ. ಅಲ್ಜೈಮರ್‌ನಲ್ಲಿ ಸ್ಟೇಷನ್‌ಗಳೇ ಒಂದೊಂದಾಗಿ ಮಾಯ ಆಗ್ತವೆ. ಕುರ್ಲಾ ಅನ್ನೋದು ಇತ್ತು ಅನ್ನೋದೇ ಮರೆತುಹೋಗತ್ತೆ. ಎಚ್‌ಐವಿಯಲ್ಲಿ ಸ್ಟೇಷನ್ ಎಲ್ಲ ಇದ್ದಲ್ಲೇ ಇವೆ, ಆದರೆ ಫಾಸ್ಟ್ ಗಾಡಿ ಸ್ಲೋ ಆಗಿದೆ. ‘ತಲೆಯಲ್ಲಿ ಲೆಕ್ಕ ಉಂಟು, ಕೈಗೆ ಬರುವುದಿಲ್ಲ.’ ಅದಕ್ಕೇ ಈ ಪರೀಕ್ಷೆಯಲ್ಲಿ ಬೆರಳು ಆಡಿಸೋಕೆ ಹೇಳೋದು. ವೇಗ ಮೊದಲು ಹೋಗತ್ತೆ.

1986ರಲ್ಲೇ ಅಮೆರಿಕದ ನರರೋಗ ತಜ್ಞರು ಇದಕ್ಕೆ ಏಡ್ಸ್ ಡಿಮೆನ್ಶಿಯಾ ಕಾಂಪ್ಲೆಕ್ಸ್ ಅಂತ ಹೆಸರಿಟ್ಟಿದ್ದರು. ನಮ್ಮ ದೇಶದಲ್ಲಿ ಎಚ್‌ಐವಿ ಮೊದಲು ಪತ್ತೆಯಾದ ವರ್ಷವೂ ಅದೇ. ಆದರೆ ಇಲ್ಲಿ ತುಂಬಾ ವರ್ಷ ಡಾಕ್ಟರುಗಳು, ಭಾರತದಲ್ಲಿ ಎಚ್‌ಐವಿ ಡಿಮೆನ್ಶಿಯಾ ಅಪರೂಪ, ನೂರಕ್ಕೆ ಒಂದೋ ಎರಡೋ ಅಂತ ಹೇಳ್ತಿದ್ದರು. ಯಾಕೆ? ಇಲ್ಲಿ ನಮ್ಮ ಬೆಂಗಳೂರು ಬರತ್ತೆ. ಎಚ್‌ಐವಿಯಲ್ಲಿ ಉಪಜಾತಿಗಳಿವೆ. ಅಮೆರಿಕ, ಯುರೋಪಿನಲ್ಲಿ ಹೆಚ್ಚಾಗಿ ಬಿ, ನಮ್ಮಲ್ಲಿ ಬಹುಪಾಲು ಸಿ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ಸಂಶೋಧನಾ ಕೇಂದ್ರದಲ್ಲಿ ಉದಯಕುಮಾರ್ ರಂಗ ಅವರ ತಂಡ 2004ರಲ್ಲಿ ತೋರಿಸಿತು: ಸಿ ಉಪಜಾತಿಯ ಟ್ಯಾಟ್ ಪ್ರೋಟೀನಿನ 31ನೇ ಜಾಗದಲ್ಲಿ ಸಿಸ್ಟೀನ್ ಇರಬೇಕಾದಲ್ಲಿ ಸೆರೀನ್ ಇದೆ. ಒಂದೇ ಒಂದು ಅಕ್ಷರ ಬದಲಾವಣೆ. ಅದರಿಂದ ಮಾನೋಸೈಟ್‌ಗಳನ್ನ ಕರೆಯೋ ಶಕ್ತಿ ಅದಕ್ಕೆ ಕಡಿಮೆ. ಮಾನೋಸೈಟ್ ಬಂದಿಲ್ಲ ಅಂದ್ರೆ ವೈರಸ್ಸೂ ಅಷ್ಟಾಗಿ ಬರಲ್ಲ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದವರು ಆಮೇಲೆ ಪ್ರಯೋಗಾಲಯದಲ್ಲಿ ಮನುಷ್ಯರ ನರಕೋಶಗಳ ಮೇಲೆ ಎರಡೂ ಟ್ಯಾಟ್ ಹಾಕಿ ನೋಡಿದಾಗ, ಸಿ ನಿಜಕ್ಕೂ ಕಡಿಮೆ ವಿಷ. ಒಂದು ಅಕ್ಷರದಿಂದ ಪ್ರೊಡಕ್ಷನ್ ಬೀಳೋದನ್ನ ನೋಡಿದ ನಮಗೆ ಇದನ್ನ ನಂಬೋಕೆ ಕಷ್ಟ ಇಲ್ಲ.

ಹಾಗಾದ್ರೆ ನಾವು ಬಚಾವಾ? ನಾನೂ ಓದಿ ಖುಷಿಪಟ್ಟೆ. ಆದರೆ ಸ್ಕೋರು ಬೇರೆ ಹೇಳತ್ತೆ. 2006ರಲ್ಲಿ ಪುಣೆಯಲ್ಲಿ, ಇನ್ನೂ ಔಷಧ ಸಿಗದವರಲ್ಲಿ, ಅಣ್ಣನಿಗೆ ಮಾಡಿದ ಇದೇ ಪರೀಕ್ಷೆ ಮಾಡಿದಾಗ ಶೇ. 35 ಜನ ಗೆರೆಯ ಕೆಳಗೆ ಬಂದರು. 2007ರಲ್ಲಿ ನಿಮ್ಹಾನ್ಸ್‌ನವರು ದಕ್ಷಿಣ ಭಾರತದ 119 ಸೋಂಕಿತರನ್ನ ಗಂಟೆಗಟ್ಟಲೆಯ ವಿವರವಾದ ಪರೀಕ್ಷೆಗೆ ಕೂರಿಸಿದಾಗ ಶೇ. 60ರಷ್ಟು ಜನರಲ್ಲಿ ಸಣ್ಣ ಅಥವಾ ಮಧ್ಯಮ ಮಟ್ಟದ ಕೊರತೆ ಸಿಕ್ಕಿತು. ಡಿಮೆನ್ಶಿಯಾ ಅಲ್ಲ. ನಿಧಾನ, ಮರೆವು, ಗಮನ ಜಾರೋದು. ಮೊದಲಿನವರು ಸುಳ್ಳು ಹೇಳಿರಲಿಲ್ಲ, ಅವರ ಮುಂದೆ ಬರ್ತಿದ್ದ ರೋಗಿಗಳೇ ಬೇರೆ ಥರ. ತೊಂಬತ್ತರ ದಶಕದಲ್ಲಿ ಜೆ.ಜೆ.ಯಲ್ಲಾಗಲೀ ನಿಮ್ಹಾನ್ಸ್‌ನಲ್ಲಾಗಲೀ ಮಿದುಳಿನ ತೊಂದರೆ ಅಂತ ಬರ್ತಿದ್ದವರಿಗೆ ಟಿಬಿ ಮೆನಿಂಜೈಟಿಸ್, ಕ್ರಿಪ್ಟೋಕಾಕಸ್, ಟಾಕ್ಸೋಪ್ಲಾಸ್ಮಾ. ಅವರು ಡಿಮೆನ್ಶಿಯಾ ಬರೋವರೆಗೆ ಬದುಕ್ತಾನೇ ಇರಲಿಲ್ಲ. ಇನ್ನು ಚಿಲ್ಲರೆ ಎಣಿಸೋದು ನಿಧಾನ ಆಯ್ತು ಅಂತ ಯಾವ ಹೋಟೆಲ್ ಮಾಣಿ ನರರೋಗ ತಜ್ಞರ ಹತ್ರ ಹೋಗ್ತಾನೆ?

ಇಲ್ಲಿಗೆ ಮಾತು ಮುಗಿಸಿದ್ರೆ ಒಂದು ಅನ್ಯಾಯ ಆಗತ್ತೆ. ಶೇ. 60 ಅನ್ನೋದನ್ನ ಕೇಳಿ, ಎಚ್‌ಐವಿ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮಿದುಳು ಕೆಟ್ಟಿದೆ ಅಂತ ಯಾರಾದ್ರೂ ವಾಟ್ಸಾಪ್‌ನಲ್ಲಿ ಹಾಕ್ತಾರೆ. ನಾನೇ ಆ ರಾತ್ರಿ ಹಾಗೆ ಹೆದರಿಕೊಂಡಿದ್ದೆ. ಆಮೇಲೆ ಅಳತೆಗೋಲನ್ನ ಓದಿದೆ. 2007ರಿಂದ ಹೆಚ್ಚಿನ ಅಧ್ಯಯನಗಳು ಬಳಸ್ತಿರೋ ನಿಯಮ ಹೀಗಿದೆ: ಕನಿಷ್ಠ ಐದು ಸಾಮರ್ಥ್ಯಗಳನ್ನ ಅಳೆಯಿರಿ, ಎರಡರಲ್ಲಿ ಸರಾಸರಿಗಿಂತ ಒಂದು ಸ್ಟ್ಯಾಂಡರ್ಡ್ ಡೀವಿಯೇಶನ್ ಕೆಳಗೆ ಬಂದ್ರೆ ಕೊರತೆ. ನಮಗೆ ಗೊತ್ತಲ್ಲ, ಒಂದು ಡೀವಿಯೇಶನ್ ಕೆಳಗೆ ಅಂದ್ರೆ ಆರೋಗ್ಯವಂತರಲ್ಲೇ ಶೇ. 16 ಜನ ಬರ್ತಾರೆ. ಪೈಥಾನ್‌ನಲ್ಲಿ ಹತ್ತು ಸಾಲು ಬರೆದು, ಯಾವ ಕಾಯಿಲೆಯೂ ಇಲ್ಲದ ಒಂದು ಲಕ್ಷ ಕಾಲ್ಪನಿಕ ಜನರಿಗೆ ಈ ನಿಯಮ ಹಾಕಿದೆ. ಐದು ಸಾಮರ್ಥ್ಯ ಅಳೆದ್ರೆ ಶೇ. 18 ಜನ ‘ಕೊರತೆ’ ಉಳ್ಳವರು. ಏಳು ಅಳೆದ್ರೆ ಶೇ. 31! ನಾನು ಆ ಸಾಮರ್ಥ್ಯಗಳು ಒಂದಕ್ಕೊಂದು ಸಂಬಂಧ ಇಲ್ಲದವು ಅಂತ ಹಿಡಿದಿದ್ದೆ. ನಿಜದಲ್ಲಿ ಸಂಬಂಧ ಇರತ್ತೆ, ಲೆಕ್ಕ ಸ್ವಲ್ಪ ಆಚೀಚೆ ಆಗತ್ತೆ, ಆದರೆ ಸೊನ್ನೆಯ ಹತ್ರಕ್ಕಂತೂ ಬರಲ್ಲ. ಇದು ನನ್ನ ಶೋಧ ಏನಲ್ಲ, ಸ್ವೀಡನ್ನಿನ ಸಂಶೋಧಕರು 2011ರಲ್ಲೇ ಇದೇ ಆಕ್ಷೇಪ ಎತ್ತಿದ್ದರು. ಅಮೆರಿಕದ ಚಾರ್ಟರ್ ಅಧ್ಯಯನದಲ್ಲಿ 1,555 ಜನರಲ್ಲಿ ಅರ್ಧದಷ್ಟು ಜನರಿಗೆ ಕೊರತೆ ಅಂದರು. ಆದರೆ ಅದರಲ್ಲಿ ದೊಡ್ಡ ಪಾಲು, ದಿನದ ಬದುಕಲ್ಲಿ ಏನೂ ತೊಂದರೆ ಇಲ್ಲದವರು. ನಿಜವಾದ ಡಿಮೆನ್ಶಿಯಾ ಶೇ. 2 ಮಾತ್ರ. ಔಷಧ ಬಂದ ಮೇಲಿನ ಗೆಲುವು ಅದು.

ಭಾಷೆಯದ್ದು ಇನ್ನೊಂದು ಕತೆ. ಅಣ್ಣನಿಗೆ ಆ ನಾಲ್ಕು ಪದ ಹೇಳಿದ್ದು ಹಿಂದಿಯಲ್ಲಿ. ಅವನ ಹಿಂದಿ ಗಿರಾಕಿಗೆ ಸಾಕು, ಆದರೆ ಹೆದರಿಕೊಂಡು ಕೂತಾಗ? ಒಂದು ತಿಂಗಳು ಬಿಟ್ಟು ಹೋದಾಗ ನಾನು ಡಾಕ್ಟರಮ್ಮನ ಹತ್ರ ಕೇಳಿಕೊಂಡೆ, ಕನ್ನಡದಲ್ಲಿ ಬೇರೆ ನಾಲ್ಕು ಪದ ನಾನು ಹೇಳ್ಲಾ ಅಂತ. ಅವರು ನಕ್ಕು ಒಪ್ಪಿದರು. ನಾಲ್ಕಕ್ಕೆ ನಾಲ್ಕು ಹೇಳಿದ. ಆದರೆ ಬೆರಳು ಮತ್ತೆ 9, ಮುಷ್ಟಿ ಮತ್ತೆ ಮೂರೇ ಸುತ್ತು. ಒಟ್ಟು ಒಂಬತ್ತು, ಇನ್ನೂ ಗೆರೆಯ ಕೆಳಗೇ. ಅಂದ್ರೆ ಮರೆವು ಅನ್ನಿಸಿದ್ದರಲ್ಲಿ ಒಂದು ಪಾಲು ಹಿಂದಿಯ ತಪ್ಪು, ನಿಧಾನ ಮಾತ್ರ ಅವನದೇ. ನಿಮ್ಹಾನ್ಸ್‌ನವರು 2004ರಲ್ಲಿ ತಮ್ಮ ಪರೀಕ್ಷಾ ಸರಣಿಗೆ ವಯಸ್ಸು, ಓದು ನೋಡಿ, ಓದು ಬರಹ ಬಾರದವರಿಗೂ ಸೇರಿಸಿ ಬೇರೆ ಬೇರೆ ಸರಾಸರಿ ಕೊಟ್ಟಿದ್ದಾರೆ. ಅದು ಎಷ್ಟು ದೊಡ್ಡ ಕೆಲಸ ಅಂತ ನನಗೆ ಅವತ್ತು ಅರ್ಥ ಆಯ್ತು.

2023ರಲ್ಲಿ ಈ ಕ್ಷೇತ್ರದ ಒಂದು ಅಂತಾರಾಷ್ಟ್ರೀಯ ಗುಂಪು ಹೊಸ ಸಲಹೆ ಕೊಟ್ಟಿತು. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದ ಮಾತ್ರಕ್ಕೆ ಮಿದುಳಿಗೆ ಪೆಟ್ಟು ಬಿದ್ದಿದೆ ಅನ್ನಬೇಡಿ, ರೋಗಿಗೆ ತೊಂದರೆ ಇದೆಯಾ ಕೇಳಿ, ಬೇರೆ ಕಾರಣ ಹುಡುಕಿ. ವೈರಸ್‌ನಿಂದಾದ ಪೆಟ್ಟು ಅಂತ ಖಾತ್ರಿ ಆದ್ರೆ, ಅದು ಈಗಲೂ ನಡೀತಿರೋದಾ ಅಥವಾ ಹಳೇದಾ ಅಂತ ಬೇರೆ ಮಾಡಿ. ಹಳೇದಕ್ಕೆ ಅವರು ಬಳಸಿದ ಪದ ಲೆಗಸಿ. ನಮ್ಮ ಲೆಗಸಿ ಕೋಡ್ ಥರಾನೇ, ಬರೆದವರು ಹೋಗಿ ವರ್ಷಗಳಾದರೂ ನಿಧಾನ ಮಾಡೋದನ್ನ ಬಿಟ್ಟಿಲ್ಲ.

ಅಣ್ಣನಲ್ಲಿ ಏನಿತ್ತು? ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಕಡಿಮೆ. ಗುಳಿಗೆ ಒಂದು ದಿನ ಬಿಟ್ಟಿಲ್ಲ. ಸಿಡಿ4 ಐನೂರು ದಾಟಿತ್ತು. ಆದರೆ 2008ರ ಆ 62 ಇದೆಯಲ್ಲ, ಒಮ್ಮೆ ಅಷ್ಟು ಆಳಕ್ಕೆ ಇಳಿದವರಲ್ಲಿ ಮಿದುಳಿನ ತೊಂದರೆ ಹೆಚ್ಚು ಅನ್ನೋದು ಚಾರ್ಟರ್‌ನಲ್ಲೂ ಕಂಡಿದೆ. ಬೇಗ ಪರೀಕ್ಷೆ, ಬೇಗ ಗುಳಿಗೆ ಅಂತ ಬಡ್ಕೊಳ್ಳೋದು ಇದಕ್ಕೇ. ಅದರ ಜೊತೆ ಬಿ12 ಪಾತಾಳದಲ್ಲಿತ್ತು, ನಿದ್ದೆ ನಾಲ್ಕು ಗಂಟೆ. ಮತ್ತೆ ಆಗ ತಗೊಳ್ತಿದ್ದ ಗುಳಿಗೆಯಲ್ಲಿ ಎಫಾವಿರೆಂಜ್ ಇತ್ತು. ಅದಕ್ಕೆ ಕೆಟ್ಟ ಕನಸು, ಬೆಳಿಗ್ಗೆ ಮಂಪರು ತರೋ ಗುಣ ಇದೆ. ಬಿ12 ಇಂಜೆಕ್ಷನ್ ಶುರುಮಾಡಿದರು. 2021ರಲ್ಲಿ ಡೊಲುಟೆಗ್ರಾವಿರ್ ಇರೋ ಹೊಸ ಗುಳಿಗೆಗೆ ಬದಲಾಯಿಸಿದರು. ‘ಇದರಲ್ಲಿ ಎಷ್ಟು ವೈರಸ್‌ನದು, ಎಷ್ಟು ನಿದ್ದೆಯದು ಅಂತ ತೂಕ ಮಾಡಿ ಹೇಳೋಕೆ ಆಗಲ್ಲ, ಸರಿಮಾಡೋಕೆ ಆಗೋದನ್ನ ಸರಿಮಾಡೋಣ’ ಅಂದರು ಡಾಕ್ಟರಮ್ಮ. ಗೂಗಲ್ ಮಾಡಿ ಮಾಡಿ ಬೆಂದಿದ್ದ ನನಗೆ ಆ ಮಾತು ಹಾಯ್ ಅನ್ನಿಸಿತು.

ಉಳಿದದ್ದು ಕೆಲಸದ ಪ್ರಶ್ನೆ. 1997ರಲ್ಲಿ ಬಾಂಬೆ ಹೈಕೋರ್ಟ್, ಎಚ್‌ಐವಿ ಇದೆ ಅನ್ನೋ ಒಂದೇ ಕಾರಣಕ್ಕೆ, ಕೆಲಸ ಮಾಡೋ ಶಕ್ತಿ ಇರೋ ಕಾರ್ಮಿಕನನ್ನ ಹೊರಗಿಡೋ ಹಾಗಿಲ್ಲ ಅಂತ ತೀರ್ಪು ಕೊಟ್ಟಿತು. ಆ ಕೇಸಿನ ಕಾರ್ಮಿಕನ ಹೆಸರು ಇವತ್ತಿಗೂ ಕಡತದಲ್ಲಿ ‘ಎಂಎಕ್ಸ್’ ಅಂತ ಮಾತ್ರ ಇದೆ. 2017ರ ಕಾಯ್ದೆ ಇನ್ನೂ ಗಟ್ಟಿ, 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಯಾರೂ ನಿಮ್ಮ ಸೋಂಕನ್ನ ಒಪ್ಪಿಗೆ ಇಲ್ಲದೆ ಬಯಲು ಮಾಡೋ ಹಾಗಿಲ್ಲ. ಆದರೆ ಶೇಠ್ ಹತ್ರ ‘ಇದು ಕುಡಿತ ಅಲ್ಲ’ ಅಂತ ವಾದ ಮಾಡಬೇಕಾದ್ರೆ, ಹಾಗಾದ್ರೆ ಏನು ಅಂತ ಅವರು ಕೇಳ್ತಾರೆ. ಕಾನೂನು ಪುಸ್ತಕದಲ್ಲಿ ಅದಕ್ಕೆ ಉತ್ತರ ಇಲ್ಲ. ಅಣ್ಣ ಮೂರು ದಿನ ಯೋಚನೆ ಮಾಡಿ, ‘ನರದ್ದು ತೊಂದರೆ, ಮದ್ದು ನಡೀತಾ ಉಂಟು ಅಂತ ಹೇಳು, ಅಷ್ಟೇ ಸಾಕು’ ಅಂದ. ನಾನು ಹೋಗಿ ಅಷ್ಟೇ ಹೇಳಿದೆ. ಶೇಠ್ ಬಿ12 ರಿಪೋರ್ಟ್ ನೋಡಿ, ‘ಮೊದಲೇ ಹೇಳಬಾರದಾ’ ಅಂದರು. ಅರ್ಧ ಸತ್ಯ ಹೇಳಿದ್ದು ನನಗೆ ಇವತ್ತಿಗೂ ಇರಿಸುಮುರಿಸು. ಆದರೆ ಅವನ ಜಾಗದಲ್ಲಿ ನಾನಿದ್ರೂ ಅದನ್ನೇ ಮಾಡ್ತಿದ್ದೆ.

ಗಲ್ಲಾ ವಾಪಸ್ ಸಿಗಲಿಲ್ಲ. ಈಗ ಬೆಳಗ್ಗೆ ನಾಲ್ಕಕ್ಕೆ ವಾಶಿ ಮಾರ್ಕೆಟ್‌ಗೆ ತರಕಾರಿ ಖರೀದಿಗೆ ಹೋಗ್ತಾನೆ. ಅಲ್ಲಿ ಚೌಕಾಸಿಗೆ ಸಮಯ ಇದೆ, ಹಿಂದೆ ನಿಂತು ಯಾರೂ ಜಲ್ದಿ ಅನ್ನಲ್ಲ. ಜೇಬಲ್ಲಿ ಒಂದು ಸಣ್ಣ ನೋಟ್‌ಬುಕ್, ಕನ್ನಡದಲ್ಲಿ ಪಟ್ಟಿ. ರಾತ್ರಿ ಎಂಟಕ್ಕೇ ಮಲಗೋದ್ರಿಂದ ನಿದ್ದೆ ಮೊದಲಿಗಿಂತ ಜಾಸ್ತಿ. ಗುಳಿಗೆಗೆ ನಾನು ಹಾಕಿಕೊಟ್ಟ ಫೋನ್ ಅಲಾರಂ ಇದೆ, ಆದರೆ ಅದು ಬಡಿಯೋ ಮೊದಲೇ ನುಂಗಿರ್ತಾನೆ.

ಕಳೆದ ತಿಂಗಳು ಮನೆಗೆ ಬಂದಿದ್ದ. ಚಾ ಕುಡೀತಾ ಕೂತಿದ್ದವನು ಇದ್ದಕ್ಕಿದ್ದ ಹಾಗೆ ಎಡಗೈ ಎತ್ತಿ, ‘ಫೋನಲ್ಲಿ ಟೈಮ್ ಹಾಕು ಮಾರಾಯ, ಐದು ಸೆಕೆಂಡು’ ಅಂದ. ಹಾಕಿದೆ. ಹನ್ನೊಂದು.

ಪ್ರಶ್ನೆ ಇದ್ರೆ ಕೇಳಿ. ಪರೀಕ್ಷೆ, ಔಷಧದ ಬಗ್ಗೆ ಗುಟ್ಟಾಗಿ ಕೇಳಬೇಕು ಅನ್ನೋರಿಗೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಸಹಾಯವಾಣಿ 1097 ಇದೆ, ಕಾಲ್‌ಗೆ ದುಡ್ಡಿಲ್ಲ.